ಅಡುಗೆ ಕಟ್ಟೆಗೆ ಬಣ್ಣ ಹಚ್ಚಿದ ಬೇಸಿಗೆ

೧೬ ಏಪ್ರಿಲ್ ೧೯೯೭, ಬುಧವಾರ. ಬೆಳಿಗ್ಗೆ ೧೧

ಮತ್ತೆ ಅದೇ. ಸೋಡಾ ಹಾಕಿ ತಿಕ್ಕಿದೆ, ನಿಂಬೆಹಣ್ಣು ಹಾಕಿ ತಿಕ್ಕಿದೆ, ತೆಂಗಿನ ನಾರು ಸವೆಯಿತು — ಕಟ್ಟೆ ಮಾತ್ರ ಕರ್ರಗೆ ಕೂತಿದೆ. ನಾರಾಯಣಪುರದ ಈ ಕ್ವಾರ್ಟರ್ಸ್ ಕಟ್ಟಿದಾಗ ಹಾಸಿದ ಫರ್ಸಿ ಕಲ್ಲು. ನಮಗಿಂತ ಮೊದಲು ಮೂರು ಸಂಸಾರ ಇದರ ಮೇಲೆ ಕೊಬ್ಬರಿ ಒಡೆದಿವೆ, ಶೇಂಗಾ ಕುಟ್ಟಿವೆ. ತುಂಬ ಗುಂಡಿ, ತುಂಬ ಮಸಿ. ಹೊಸ ಕಲ್ಲು ಹಾಕಿಸುವುದು ನಮ್ಮ ಕೈಗೆಟುಕುವ ಮಾತಲ್ಲ.

ನಾನು ಕಲಿಸುವ ಶಾಲೆಗೆ ರಜೆ. ಮಕ್ಕಳ ಗದ್ದಲ ಇಲ್ಲದೆ ತಲೆಯೆಲ್ಲ ಖಾಲಿ. ಖಾಲಿ ತಲೆಗೆ ಕನಸು ಬೀಳುವುದು ಜಾಸ್ತಿ. ನಿನ್ನೆ ಮಧ್ಯಾಹ್ನ ನಿದ್ದೆಯಲ್ಲಿ ಈ ಕಟ್ಟೆಯೇ ಬಂತು. ಬಣ್ಣ ಹಚ್ಚಿಕೊಂಡಿತ್ತು, ಯಾವ ಬಣ್ಣವೋ ಗೊತ್ತಾಗಲಿಲ್ಲ, ಅದರ ಮೇಲೆ ನೀರಿನ ನೆರಳು ಆಡುತ್ತಿತ್ತು.

ಅತ್ತೆಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಕಲ್ಲಿಗಿ ಯಾತರ ಬಣ್ಣಬೇ ಮೋನವ್ವಾ? ಕಲ್ಲಿಗಿ ಕಲ್ಲಿನ ಬಣ್ಣನೇ ಛಲೋ."

ಅಲ್ಲಿಗೆ ಮುಗಿಯಿತು. ಈ ಅಡುಗೆಮನೆ ಅತ್ತೆ ಮರಿಲಿಂಗಮ್ಮನವರ ಸಂಸ್ಥಾನ. ಮದುವೆಯಾಗಿ ಹನ್ನೊಂದು ವರ್ಷ, ಇಲ್ಲಿಯವರೆಗೆ ಒಂದು ಬೇಳೆ ಬೇಯಿಸಿಲ್ಲ ನಾನು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಇನ್ನೂ ಬಸ್ಸಿನಲ್ಲಿದೆ. ದೂರು ಹೇಳುತ್ತಿಲ್ಲ. ತಾಯಿ ಇಲ್ಲದೆ ಬೆಳೆದವಳು ನಾನು. ಶಾಲೆಯಿಂದ ಬಂದ ಕೂಡಲೆ ಬಿಸಿ ರೊಟ್ಟಿ ಕೊಡುವ ಜೀವ ಅವರೊಂದೇ.

೧೯ ಏಪ್ರಿಲ್, ಶನಿವಾರ

ವಹಾಬಣ್ಣ ಸಿಕ್ಕಿದ್ದ. ಕಾಲುವೆ ಗೇಟುಗಳಿಗೆ ಬಣ್ಣ ಹೊಡೆಯುವ ಪೇಂಟರ್. ನೀರು ಬಂದ್ ಆಗಿದೆಯಲ್ಲ, ಈಗ ಅವನ ಸುಗ್ಗಿ. ನನ್ನ ಗಂಡ ಖಂಡಪ್ಪ ಅದೇ ಗೇಟು ತೆಗೆದು ಮುಚ್ಚುವ ಆಪರೇಟರ್. ಇಬ್ಬರೂ ನಮ್ಮ ಬಾಗಿಲಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಕೇಳೇಬಿಟ್ಟೆ.

"ಆಗತದ್ರಿ ಅಕ್ಕೋರ. ಯಾಕ ಆಗಂಗಿಲ್ಲ? ಪೈಲೆ ಜಿಡ್ಡು ಪೂರಾ ತಗೀಬೇಕು. ಪಾಲಿಶ್ ಪೇಪರ್ ಹಚ್ಚಿ ಉಜ್ಜಬೇಕು. ಗುಂಡ್ಯಾಗ ಲಪ್ಪಂ ತುಂಬ್ರಿ, ಒಣಗಿಂದ ಮತ್ತ ಉಜ್ರಿ. ಆಮ್ಯಾಲ ಎರಡು ಕೈ ಎನಾಮಲ್. ಒಲಿ ಬುಡಕ ಮಾತ್ರ ಬ್ಯಾಡ, ಬಿಸಿಗಿ ಗುಳ್ಳಿ ಏಳತದ. ಅಲ್ಲಿ ಕಲ್ಲು ಹಂಗೇ ಬಿಡ್ರಿ."

ಮನೆಗಳಿಗೆ ಹಚ್ಚಿ ಉಳಿದ ತಳದ ಬಣ್ಣ ಮೂರು ಡಬ್ಬಿ ಇದೆಯಂತೆ ಅವನ ಬಳಿ. ಬಿಳಿ, ಹಸಿರು, ಬೂದಿ. ಕೆನೆಗಟ್ಟಿ ಹೋಗುವುದಕ್ಕಿಂತ ನೀವೇ ಒಯ್ಯಿರಿ ಅಂದ. ಕೂಡಿಸಿದರೆ ಯಾವ ಬಣ್ಣವಾಗುತ್ತದೆ ಅಂತ ಕೇಳಿದೆ. "ಅದು ನಂಗೂ ಮಾಲೂಮಿಲ್ರಿ" ಅಂತ ನಕ್ಕ.

ಅತ್ತೆ ಒಳಗಿಂದ ಕೇಳಿಸಿಕೊಂಡರೋ ಏನೋ. ಸಂಜೆ ಸಾರಿಗೆ ಒಗ್ಗರಣೆ ಹಾಕುವಾಗ ಎಡಗೈಯಿಂದ ಕಟ್ಟೆಯನ್ನು ಸವರುತ್ತಿದ್ದರು, ಕುರಿಮರಿಯ ಬೆನ್ನು ಸವರಿದ ಹಾಗೆ. ಮೊದಲಿಂದಲೂ ಅದೊಂದು ಚಾಳಿ ಅವರಿಗೆ.

೨೪ ಏಪ್ರಿಲ್, ಗುರುವಾರ

ಅತ್ತೆ ಕಕ್ಕೇರಾಕ್ಕೆ ಹೋದರು. ಮೈದುನ ಅಂಬ್ರಪ್ಪ ಬಂದು ಕರೆದುಕೊಂಡು ಹೋದ. ಅವನ ಹೆಂಡತಿಗೆ ಹೆರಿಗೆಯಾಗಿದೆ. ಹತ್ತು ದಿನ. ಬಸ್ಸು ತಿರುವು ದಾಟುವವರೆಗೆ ಸಭ್ಯಳಾಗಿ ನಿಂತಿದ್ದೆ. ಆಮೇಲೆ ಓಡಿದೆ.

ಹೇಳದೆ ಮಾಡುವುದು ತಪ್ಪು, ಗೊತ್ತು. ಆದರೆ ಅವರು ಬಂದು ನೋಡಿ, "ಅಯ್ಯ ನಮ್ಮವ್ವಾ!" ಅಂತ ಬಾಯಿ ಮೇಲೆ ಕೈ ಇಡುವುದು ಕಣ್ಣೆದುರು ಬರುತ್ತಿದೆ. ಬುದ್ಧ ಪೂರ್ಣಿಮೆಗೆ ಎಲ್ಲರೂ ನಮ್ಮ ಮನೆಗೇ ಪಾಯಸಕ್ಕೆ ಬರುವವರು. ಹೊಸ ಕಟ್ಟೆ, ಅತ್ತೆಯ ಪಾಯಸ. ಅದೊಂದೇ ಚಿತ್ರ ತಲೆಯಲ್ಲಿ.

೨೬ ಏಪ್ರಿಲ್, ಶನಿವಾರ. ಮಧ್ಯಾಹ್ನ

ಉಜ್ಜಿ ಉಜ್ಜಿ ಬೆರಳ ತುದಿ ಸುಲಿದಿದೆ. ಗುಂಡಿ ಎಣಿಸಿದೆ — ಹದಿನೇಳು! ಒಲೆಯ ಪಕ್ಕದ್ದು ಬಟ್ಟಲಿನಷ್ಟು ಆಳ. ಅಂಚಿನಲ್ಲಿ ಎರಡು ಕಡೆ ಚೂರೆದ್ದಿದೆ. ಲಪ್ಪಂ ಅನ್ನುವ ಪುಟ್ಟಿ ಕಲಸಿ ತುಂಬಿದೆ, ತಗಡಿನಿಂದ ಸವರಿದೆ. ಒಂದೊಂದೇ ಗುಂಡಿ ಮುಚ್ಚುವಾಗ ಎಂಥ ಸಮಾಧಾನ... ಮಕ್ಕಳ ನೋಟ್‌ಬುಕ್ಕಿನ ತಪ್ಪೆಲ್ಲ ತಿದ್ದಿ ಮುಗಿದಂತೆ. ಈಗ ಅಂಗೈ ಆಡಿಸಿದರೆ ಎಲ್ಲೂ ತಡೆಯುವುದಿಲ್ಲ.

ಮೂರೂ ಡಬ್ಬಿ ಕೂಡಿಸಿದೆ. ಕೋಲು ತಿರುಗಿಸುತ್ತ ಕೂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಬಿಳಿಯೊಳಗೆ ಹಸಿರು ಎಳೆಯೆಳೆಯಾಗಿ ಇಳಿಯಿತು. ಹಿಂದಿನಿಂದ ಬೂದಿ ಬಂದು ಎರಡನ್ನೂ ಮಂಕು ಮಾಡಿತು. ಕೊನೆಗೆ ಉಳಿದದ್ದಕ್ಕೆ ಹೆಸರಿಲ್ಲ. ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟ ಬೆಳಿಗ್ಗೆ, ಕೆಸರು ಏಳುವ ಮೊದಲು, ನೀರು ಹೀಗೇ ಇರುತ್ತದೆ.

೨೯ ಏಪ್ರಿಲ್, ಮಂಗಳವಾರ

ಎರಡನೇ ಕೈಯೂ ಒಣಗಿತು. ಧೂಳು ಕೂರಬಾರದೆಂದು ಕಿಟಕಿ ಮುಚ್ಚಿದ್ದೆ. ಆ ಸೆಕೆ, ಬಣ್ಣದ ವಾಸನೆ, ತಲೆ ತೇಲಾಡುತ್ತಿತ್ತು. ಇವತ್ತು ಕಿಟಕಿ ತೆಗೆದೆ. ಬಿಸಿಲು ಕಟ್ಟೆಗೆ ಬಿದ್ದು ಛಾವಣಿಗೆ ಹೋಯಿತು. ಛಾವಣಿಯೂ ನೀರಾಯಿತು. ಹೊಸ್ತಿಲ ಮೇಲೆ ಒಂದು ಗಂಟೆ ಸುಮ್ಮನೆ ಕೂತೆ.

ಅತ್ತೆ ಹೋದಾಗಿನಿಂದ ಪಕ್ಕದ ಮನೆಯಿಂದ ಬರುವ ರೊಟ್ಟಿಯೇ ನಮಗೆ. ಖಂಡಪ್ಪ ಊಟಕ್ಕೆ ಬಂದವರು ಚೇಷ್ಟೆಗೆ, "ಏನ್ ಅಡಗಿ ಮಾಡಿದಿ?" ಅಂದರು.

"ಕಟ್ಟಿ ನೋಡ್ರಿ."

"ಕಟ್ಟಿ ತಿನ್ನಲಿಕ್ಕಿ ಬರತದೇನು?"

ಉಪ್ಪು, ಬೇಳೆಯ ಡಬ್ಬಿಗಳನ್ನು ಎಲ್ಲಿದ್ದವೋ ಅಲ್ಲಲ್ಲೇ ಇಟ್ಟೆ. ಒಂದು ಇಂಚು ಸರಿದರೂ ಅತ್ತೆ ಜಗಳಕ್ಕೆ ನಿಲ್ಲುತ್ತಾರೆ.

೩ ಮೇ, ಶನಿವಾರ

ಅತ್ತೆ ಬಂದರು. ಬಾಯಿ ಮೇಲೆ ಕೈ ಇಡಲಿಲ್ಲ.

ಅಡುಗೆಮನೆ ಬಾಗಿಲಲ್ಲಿ ನಿಂತರು, ಮೂಗರಳಿಸಿದರು. ಒಳಗೆ ಹೋಗಿ ಕಟ್ಟೆಯ ಮೇಲೆ ಕೈ ಇಟ್ಟರು. ಕೈ ಆಚೆ ತುದಿಗೆ ಹೋಯಿತು, ಈಚೆ ತುದಿಗೆ ಬಂತು. ಮತ್ತೆ ಹೋಯಿತು.

"ಹ್ಯಾಂಗ ಆಗ್ಯಾದ ಅತ್ತಿ?"

"ಛಲೋ ಆಗ್ಯಾದಬೇ. ಬೆಳ್ಳಗ ಕಾಣಾಕತ್ತದ."

ಬೆಳ್ಳಗೆ! ನನ್ನ ಕಾಲುವೆ ನೀರಿನ ಬಣ್ಣ ಅವರಿಗೆ ಸುಣ್ಣವಾಗಿ ಕಂಡಿತಂತೆ. ಬೇಕೆಂದೇ ಅಂದಿದ್ದಾರೆ, ಹೇಳದೆ ಮಾಡಿದ್ದಕ್ಕೆ ಸಿಟ್ಟು. ಅತ್ತೆ ಅಂದಮೇಲೆ ಅತ್ತೆ.

೬ ಮೇ, ಮಂಗಳವಾರ

ಮೂರು ದಿನದಲ್ಲಿ ಎರಡು ಸಲ ಬೇಳೆಗೆ ಉಪ್ಪಿಲ್ಲ. ಇವತ್ತು ಸಾರಿನ ಪಾತ್ರೆಯನ್ನು ಅರ್ಧ ಕಟ್ಟೆಯ ಮೇಲೆ, ಅರ್ಧ ಗಾಳಿಯಲ್ಲಿ ಇಟ್ಟರು. ಬಿತ್ತು. ಕುದಿಯುವ ಸಾರು ಅವರ ಪಾದದ ಮೇಲೆ. ಗುಳ್ಳೆ ಎದ್ದಿದೆ.

ಪಕ್ಕದ ಮನೆಯ ಮಸ್ತಾನಬಿ ಓಡಿಬಂದು ಲೋಳಸರ ಹಚ್ಚಿದರು. ಅತ್ತೆ ಅಳಲಿಲ್ಲ, ಸಿಟ್ಟಾದರು.

"ಜಾರತದ ನಿನ್ನ ಬಣ್ಣ! ಯಾರ ಕೇಳಿದ್ರು ನಿಂಗ?"

ನಾನೂ ಸುಮ್ಮನಿರಲಿಲ್ಲ. ಕೈ ಸುಲಿಯುವಂತೆ ದುಡಿದದ್ದು ಯಾರಿಗೆ, ನನಗೇ ಏನು, ಅಂದೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಮಸ್ತಾನಬಿ ಏನೋ ಹೇಳಲು ಬಾಯಿ ತೆರೆದರು, ಹೇಳದೆ ಹೋದರು.

೧೨ ಮೇ, ಸೋಮವಾರ. ಸಂಜೆ ೪

ಮಧ್ಯಾಹ್ನದ ನಿದ್ದೆಯಿಂದ ಎದ್ದು ನೀರು ಕುಡಿಯಲು ಹೋದೆ. ಅತ್ತೆ ಕಟ್ಟೆಯ ಮುಂದಿದ್ದರು. ಎಡಗಡೆ ಗೋಡೆಯಿಂದ ಶುರು ಮಾಡಿ ಗೇಣು ಹಾಕುತ್ತಿದ್ದರು. ಒಂದು, ಎರಡು, ನಿಲ್ಲಿಸಿ ಬೆರಳಿನಿಂದ ಹುಡುಕುತ್ತಿದ್ದರು. ಕಡ್ಡಿಪೆಟ್ಟಿಗೆ ಕಣ್ಣೆದುರಿಗೇ ಇತ್ತು. ಬೆರಳು ಅದರ ಪಕ್ಕದಿಂದ ಹೋಯಿತು. ಮತ್ತೆ ಪಕ್ಕದಿಂದಲೇ ಬಂತು.

ನಾನು ಬೆಳಕಿಗೆ ಅಡ್ಡವಾಗಿ, ಮಾರು ದೂರದಲ್ಲಿ ನಿಂತಿದ್ದೆ. ನನ್ನ ಮುಖದ ಕಡೆಗೇ ತಿರುಗಿ, "ಯಾರು?" ಅಂದರು.

"ಅತ್ತಿ... ನಾನು."

ಹುಡುಕುವುದನ್ನು ಬಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ ಅವರೇ ಹೇಳಿದರು. ಕಣ್ಣು ಹೋಗಿ ಮೂರು ವರ್ಷವಾಯಿತು. ಬೆಳಕು ಇದೆಯೋ ಇಲ್ಲವೋ ಅಷ್ಟೇ ತಿಳಿಯುತ್ತದೆ. ಮಸ್ತಾನಬಿಯನ್ನು ಕರೆದುಕೊಂಡು ಗುಟ್ಟಾಗಿ ರಾಯಚೂರಿಗೆ ಹೋಗಿ ತೋರಿಸಿದ್ದರಂತೆ. "ನರಾನೇ ಸತ್ತಾವಂತ. ಆಪರೇಶನ್ ಮಾಡಿದ್ರೂ ಬರಂಗಿಲ್ಲಂತ."

"ಮತ್ತ ಅಡಗಿ ಹ್ಯಾಂಗ ಮಾಡ್ತಿದ್ರಿ?"

"ಕಟ್ಟಿ ಹೇಳತಿತ್ತು. ಬಟ್ಟಲ ಗುಂಡಿ ಸಿಕ್ರ ಒಲಿ. ಅದರ ಮುಂದಿನ ಸಣ್ಣ ಗುಂಡಿ ಕಡ್ಡಿಪೆಟಗಿ. ಚೂರೆದ್ದ ಅಂಚಿನ ಮ್ಯಾಲ ಉಪ್ಪು. ಈಗ ನೀ ಎಲ್ಲಾ ನುಣ್ಣಗ ಮಾಡಿ. ನೀರ ಮ್ಯಾಲ ಕೈ ಇಟ್ಟಂಗ ಆಗತದ, ಎಲ್ಲಿ ಅದೀನಿ ತಿಳಿಯಂಗಿಲ್ಲ."

ಹದಿನೇಳು ಗುಂಡಿ. ಹಾಡಿಕೊಳ್ಳುತ್ತ ಮುಚ್ಚಿದ್ದೆ.

ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಹೇಳಿದ್ರ ಒಲಿ ಮುಂದಿಂದ ಎಬ್ಬಿಸ್ತಿದ್ರಿ. ಮೂಲ್ಯಾಗ ಕುಂದ್ರಸಿ ತಾಟಿನಾಗ ಹಾಕಿ ಕೊಡತಿದ್ರಿ." ಸುಳ್ಳಲ್ಲ. ಹಾಗೇ ಮಾಡುತ್ತಿದ್ದೆ. ಪ್ರೀತಿಯಿಂದಲೇ ಮಾಡುತ್ತಿದ್ದೆ.

ಮಗನಿಗೆ ಹೇಳಬೇಡ ಅಂದರು. ಪೂರ್ಣಿಮೆಗೆ ಅಂಬ್ರಪ್ಪ ಬಂದಾಗ ಅವನ ಜೊತೆ ಕಕ್ಕೇರಾಕ್ಕೆ ಹೋಗಿಬಿಡುತ್ತಾರಂತೆ, ಇನ್ನು ಅಲ್ಲೇ. ಅದು ಅವರು ಮದುವೆಯಾಗಿ ಬಂದ ಮನೆ. ಗೋಡೆ ಗೋಡೆಯೂ ಗೊತ್ತು. ಸೀರೆ ಮಡಚಿ ಚೀಲಕ್ಕೆ ಹಾಕಿದ್ದೂ ಆಗಿದೆ.

ಇನ್ನು ಅವರಿಲ್ಲದ ಮನೆ. ನನ್ನ ಕೈಯಾರೆ ಮಾಡಿದ್ದು.

೧೫ ಮೇ, ಗುರುವಾರ

ಚಾಕುವಿನಿಂದ ಲಪ್ಪಂ ಕೆದರಿದೆ. ಕಲ್ಲಿಗಿಂತ ಗಟ್ಟಿಯಾಗಿದೆ. ಮೂರು ಗುಂಡಿ ಬಿಟ್ಟವು, ಅದೂ ಬೇಕಾದವಲ್ಲ. ಉಳಿದವು ಎಲ್ಲಿದ್ದವೋ ನೆನಪಾಗುತ್ತಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿದ್ದೇನೆ. ಕೇಳೋಣವೆಂದರೆ ವಹಾಬಣ್ಣ ಶಹಾಪುರದ ಕಡೆ ಕೆಲಸಕ್ಕೆ ಹೋಗಿದ್ದಾನೆ.

ಅತ್ತೆ ಹೊರಗೆ ಬೇವಿನ ನೆರಳಲ್ಲಿ ಕೂತಿದ್ದಾರೆ. ಸುಟ್ಟ ಪಾದದ ನೆಪ ಹೇಳಿ ಮೂರು ದಿನದಿಂದ ನಾನೇ ಅಡುಗೆ. ಯಾರೂ ಏನೂ ಅನ್ನದೆ ತಿನ್ನುತ್ತಿದ್ದಾರೆ, ಅಷ್ಟು ಕೆಟ್ಟದಾಗಿದೆ.

೧೮ ಮೇ, ಭಾನುವಾರ

ಬೆಳಿಗ್ಗೆ ಓಣಿಯಲ್ಲಿ ಕೂಗು: "ಬೀಸೂಕಲ್ಲ ಕುಟ್ತೀವ್ರೀ... ಒಳ್ಳ ಕುಟ್ತೀವ್ರೀ..."

ಬೀಸಿ ಬೀಸಿ ನುಣುಪಾದ ಕಲ್ಲಿಗೆ ಉಳಿ ಹೊಡೆದು ಮತ್ತೆ ಒರಟು ಮಾಡಿಕೊಡುವ ಶಂಕ್ರಮ್ಮ. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಬರುತ್ತಾಳೆ. ಒಂದು ಕ್ಷಣ ನಿಂತೆ. ಮರುಕ್ಷಣ ಬರಿಗಾಲಲ್ಲಿ ಓಡಿ ಕರೆದುಕೊಂಡು ಬಂದೆ.

ಕಟ್ಟೆ ನೋಡಿ ಆಕೆಯ ಬಾಯಿ ಮೇಲೆ ಕೈ! "ಅಯ್ಯ, ಇಷ್ಟು ಛಂದ ಬಣ್ಣ ಕೆಡಸ್ತೀರೇನ್ರಿ ಅಕ್ಕೋರ?"

"ಕೆಡಸವ್ವ" ಅಂದೆ. ಅತ್ತೆಯ ಕೈ ಹಿಡಿದು ಒಳಗೆ ತಂದೆ. ಹಳೆಯ ಗುಂಡಿ ಬೇಡ, ನಿಮಗೆ ಎಲ್ಲಿ ಬೇಕೋ ಅಲ್ಲಿ ಹೊಡೆಸಿರಿ ಅಂದೆ. ಒಲ್ಲೆ ಅಂದರು. ನಾನು ಬಿಡಲಿಲ್ಲ. ಕೊನೆಗೆ ಕಟ್ಟೆಯ ಮುಂದೆ ಸೆಟೆದು ನಿಂತರು, ಕೈ ಚಾಚಿದರು, ಬೆರಳು ತಾನಾಗಿ ಇಳಿದಲ್ಲಿ ನಾನು ಸೀಮೆಸುಣ್ಣದ ಚುಕ್ಕೆ ಇಟ್ಟೆ. ಇಲ್ಲಿ ಒಲೆ. ಇಲ್ಲಿ ಉಪ್ಪು. ಇಲ್ಲಿಂದ ಆಚೆ ಪಾತ್ರೆ ಇಡಬಾರದು. ಟಕ್ ಟಕ್ ಟಕ್. ಕಾಲುವೆ ಬಣ್ಣದ ಪುಡಿ ಹಾರಿ ಮೂವರ ಮೂಗಿಗೂ ಬಂತು. ನನಗೆ ಒಂಚೂರೂ ನೋವಾಗಲಿಲ್ಲ. ಹಬ್ಬದಂತಿತ್ತು.

ಆ ಸದ್ದಿಗೆ ಖಂಡಪ್ಪ ಬಂದರು. "ಏನ್ ನಡಸೀರಿ?"

ನನ್ನ ಬಾಯಿ ಕಟ್ಟಿತ್ತು, ಮಾತು ಕೊಟ್ಟಿದ್ದೆ. ಅತ್ತೆಯೇ ಹೇಳಿದರು. "ಖಂಡೂ, ನನಗ ಕಣ್ಣು ಕಾಣಂಗಿಲ್ಲೋ."

ಖಂಡಪ್ಪ ಹೊಸ್ತಿಲ ಮೇಲೆ ಕೂತರು. ಮಾತಾಡಿದ್ದು ಇಷ್ಟು: "ಗೇಟ್ ತಿರುವಾಗ ನಾನೂ ಕಣ್ಲೆ ನೋಡಂಗಿಲ್ಲ ಯವ್ವಾ. ಎಷ್ಟು ಸುತ್ತು ಆತು ಅನ್ನೂದು ಕೈಗೇ ತಿಳೀತದ." ಆಮೇಲೆ ಮುಖ ತೊಳೆಯಲು ಹಿತ್ತಲಿಗೆ ಹೋದರು.

ಅತ್ತೆಯ ಚೀಲ ಮಾತ್ರ ಮಂಚದ ಕೆಳಗೆ ಹಾಗೇ ಇದೆ. ಕೇಳುವ ಧೈರ್ಯವಿಲ್ಲ.

೨೨ ಮೇ, ಗುರುವಾರ. ಪೂರ್ಣಿಮೆ. ಬೆಳಿಗ್ಗೆ ೯

ಅಂಬ್ರಪ್ಪ ಮೊದಲ ಬಸ್ಸಿಗೇ ಬಂದಿದ್ದಾನೆ. ಮಸ್ತಾನಬಿ ಹಾಲು ಕೊಟ್ಟು ಹೋದರು. ಅತ್ತೆ ಒಲೆ ಹಚ್ಚಿ ಹಾಲಿಟ್ಟು ನನ್ನನ್ನು ಕರೆದರು.

"ಕಣ್ಣ ಮುಚ್ಚಿ ನಿಂದ್ರು."

ಮುಚ್ಚಿದೆ. ಅವರ ಕೈ ನನ್ನ ಕೈ ಮೇಲೆ. ಒರಟು ಚುಕ್ಕೆ, ಆಮೇಲೆ ನುಣುಪು, ಆಮೇಲೆ ಮತ್ತೊಂದು ಚುಕ್ಕೆ. ಏಲಕ್ಕಿ. ಬೆಲ್ಲ. ಸಕ್ಕರೆ ಡಬ್ಬಿಯ ತಂಪು. ಅಡುಗೆಮನೆ ಎಷ್ಟು ದೊಡ್ಡದು, ಕಣ್ಣು ಮುಚ್ಚಿದರೆ! ನಾನು ಹಚ್ಚಿದ ಬಣ್ಣ ಅಲ್ಲಿ ಎಲ್ಲೂ ಇರಲಿಲ್ಲ. ಬೆಳಕು ಇದೆ ಅನ್ನುವುದಷ್ಟೇ ರೆಪ್ಪೆಗೆ ತಿಳಿಯುತ್ತಿತ್ತು. ಹೀಗೆಯೇ ಮೂರು ವರ್ಷ ನನಗೆ ರೊಟ್ಟಿ ಬಡಿದು ಹಾಕಿದ್ದಾರೆ.

ಹೊರಗಿನಿಂದ ಅಂಬ್ರಪ್ಪ ಕೂಗಿದ, "ಯವ್ವಾ, ಊಟ ಆದಮ್ಯಾಲ ಹೋಗೂನಲ್ಲ? ಚೀಲ ಎಲ್ಲದ?"

"ನೀ ಹೋಗಪ್ಪ. ಈಕಿಗಿ ಅಡಗಿ ಬರಂಗಿಲ್ಲ. ಹನ್ನೊಂದು ವರ್ಷ ಆತು, ಒಂದೂ ಕಲಿಸಿಲ್ಲ ನಾ. ಕಲಿಸಿ ಮುಗಸೂತನ ಎಲ್ಲಿ ಬರಾಕ ಆಗತದ?"

ಕಣ್ಣು ಮುಚ್ಚಿಯೇ ಅತ್ತುಬಿಟ್ಟೆ. ಅವರಿಗೆ ಕಾಣಲಿಲ್ಲ, ತಿಳಿಯಿತು. ಕೈ ಬಿಗಿ ಹಿಡಿದರು. ಮೂಗು ಒರೆಸಿಕೊಳ್ಳುವ ನೆಪ ಮಾಡಿ ಇತ್ತ ಬಂದು ಇದನ್ನು ಗೀಚುತ್ತಿದ್ದೇನೆ. ಹಾಲು ಇನ್ನೂ ಒಲೆಯ ಮೇಲೇ ಇದೆ. ಕಲಿಯಬೇಕಾದ್ದು ಇನ್ನೂ ಏನೇನು...

ಕರೆಯುತ್ತಿದ್ದಾರೆ. "ಏ ಮೋನವ್ವಾ, ಹಾಲಿನ ಸಪ್ಪಳ ಬದಲಾತು ನೋಡು, ಜಲ್ದಿ ಬಾ —"

ನನಗೆ ಏನೂ ಕೇಳಿಸಲಿಲ್ಲ. ಓಡಬೇಕು, ಉಕ್ಕಿದರೆ ನನ್ನ ಮೊದಲ ಪಾಠವೇ ಒಲೆಯ ಪಾಲು.