ಬೂಟು ಹೊರಗಿತ್ತಂತೆ

ಲಾಂಡ್ರಿ
ಮಂಗಳವಾರ, ಮಧ್ಯಾಹ್ನ

ವೇದಿಕೆಯ ಮೇಲೆ ವಿರಾಜಮಾನರಾದ ಅಧ್ಯಕ್ಷರೇ, ಮುಂದಿನ ಸಾಲಿನಲ್ಲಿ ಆಸೀನರಾದ ಗಣ್ಯರೇ, ಹಿಂದೆ ನಿಂತೇ ಇರುವ ಅಭಿಮಾನಿಗಳೇ, ಮತ್ತು ಸಭೆಗೆ ಬಾರದೆ ತಪ್ಪಿಸಿಕೊಂಡ ನನ್ನ ಪ್ರೀತಿಯ ಮೈಕು,

ಅಧ್ಯಕ್ಷರೆಂದರೆ ಗೋಡೆಗೆ ಒರಗಿಸಿಟ್ಟ ಮಡಚುವ ಕುರ್ಚಿ. ಗಣ್ಯರೆಂದರೆ ಹೆರಿಗೆ ವಾರ್ಡಿನಿಂದ ಬಂದ ಕೊಳೆ ಬಟ್ಟೆಯ ಗಂಟುಗಳು. ಅಭಿಮಾನಿಗಳೆಂದರೆ ಸೋರುವ ನಲ್ಲಿಗಳು. ಅವು ಮಾತ್ರ ಬಿಡದೆ ಚಪ್ಪಾಳೆ ತಟ್ಟುತ್ತಿವೆ. ಆಸ್ಪತ್ರೆ ಲಾಂಡ್ರಿ ನೌಕರರ ಸಂಘದ ಸರ್ವಸದಸ್ಯರ ಸಭೆಗೆ ಜೀವವಿರುವವರು ಬಂದದ್ದು ಇಬ್ಬರು, ನಾನು ಮತ್ತು ಇಸ್ತ್ರಿ ತಾತ. ತಾತನ ಕಿವಿ ನಿನಗೆ ಗೊತ್ತೇ ಇದೆ. ಸಂಘ ಬಿಟ್ಟವರಿಗೆ ಹೊಸ ಗುತ್ತಿಗೆದಾರನ ಹತ್ತಿರ ಕೆಲಸ, ಬಿಡದವರಿಗೆ ಒಂದನೇ ತಾರೀಕಿನಿಂದ ಮನೆ ಎಂದು ಮ್ಯಾನೇಜರು ಸಾರಿದ್ದು ಅವರಿಗೆ ಕೇಳಿಸಿಯೇ ಇಲ್ಲ. ಹೀಗಾಗಿ ಅವರು ಸಂಘಕ್ಕೆ ನಿಷ್ಠರು. ನಾನು ಚೀಟಿಯಲ್ಲಿ ಬರೆದು ತೋರಿಸಿದೆ. ಓದಿ, ಮಡಚಿ, ಅದಕ್ಕೂ ಇಸ್ತ್ರಿ ಹಾಕಿ ವಾಪಸ್ ಕೊಟ್ಟರು.

ಉಳಿದವರ ಮೇಲೆ ನನಗೆ ಸಿಟ್ಟಿಲ್ಲ. ಖಜಾಂಚಿ ಸೊಂಟನೋವು ಎಂದು ಹೋದಳು. ಸೊಂಟ ಈಗ ಗುತ್ತಿಗೆದಾರನ ಟ್ರಾಲಿ ತಳ್ಳುತ್ತಿದೆ. ನಮ್ಮ ಅಧ್ಯಕ್ಷರು, ಕುರ್ಚಿಯಲ್ಲ, ಅದರ ಮೇಲೆ ಕೂರುತ್ತಿದ್ದವರು, "ಒಳಗಿದ್ದೇ ಹೋರಾಡೋಣ ಬಿಡಿ" ಅಂದರು. ಈಗ ಅವರು ಒಳಗಿದ್ದಾರೆ, ಹೋರಾಟ ಹೊರಗೆ ನಿಂತಿದೆ. ಅವರೆಲ್ಲ ಹೋಗುವವರೇ. ನೀನು ಹೋಗುವವಳಲ್ಲ ಎಂದು ನಾನು ತಾತನ ಮುಂದೆ ಪಣ ಕಟ್ಟಿದ್ದೆ. ತಾತನಿಗೆ ಕೇಳಿಸದ್ದರಿಂದ ಸೋತಿಲ್ಲ.

ನಿನ್ನೆ ಗೇಟಿನ ಮುಂದೆ ನಿಂತು ಎಂದಿನಂತೆ ಕೂಗಿದೆ, "ಗುತ್ತಿಗೆ ಬಂತು." ಆಮೇಲೆ ಕಾದೆ. ಅಭ್ಯಾಸ ನೋಡು. ಮೊದಲರ್ಧ ನನ್ನದು, ಉತ್ತರಾರ್ಧ ನಿನ್ನದು. ನಿನಗೆ ಮೈಕು ಎಂದು ಹೆಸರು ತಂದ ಆ ಗಂಟಲಿಗೆ ಆಪರೇಷನ್ ಥಿಯೇಟರಿನ ಕಿಟಕಿಗಳು ಮುಚ್ಚಿಕೊಳ್ಳುತ್ತಿದ್ದವು. ನಿನ್ನೆ ಒಂದು ಕಿಟಕಿಯೂ ಅಲುಗಲಿಲ್ಲ. ಕೊನೆಗೆ ವಾಚ್‌ಮನ್ ತನ್ನ ಚಹಾ ಲೋಟದೊಳಗೆ ಬಾಯಿಟ್ಟು, "ಕುತ್ತಿಗೆಗೆ ಬಂತು" ಎಂದು ಗೊಣಗಿದ. ಆಮೇಲೆ ಹತ್ತಿರ ಬಂದು, "ನಾನು ಅಂದಿದ್ದು ಅಂತ ಯಾರಿಗೂ ಹೇಳ್ಬೇಡಿ ಅಕ್ಕಾ, ಮಕ್ಕಳೊಂದಿಗ" ಅಂದ. ನನ್ನ ಪ್ರಾಸಕ್ಕೆ ಇಷ್ಟು ನಡುಗುವ ಶ್ರೋತೃ ಹಿಂದೆಂದೂ ಸಿಕ್ಕಿರಲಿಲ್ಲ.

ಬೆಡ್‌ಶೀಟುಗಳ ವಿಷಯ ಹೇಳಲೇ? ಆ ತುದಿ ನಿನ್ನದು, ಈ ತುದಿ ನನ್ನದು. ಜಾಡಿಸಿ, ಎಳೆದು, ನಡೆದು ಬಂದು ಕೈಗೆ ಕೈ ಕೂಡಿಸುವಾಗ ಒಂದು ಮಾತು. ವಾರ್ಡಿನ ಸುದ್ದಿ, ಗಂಡನ ಮೇಲಿನ ದೂರು, ಮಧ್ಯಾಹ್ನದ ಡಬ್ಬಿಯಲ್ಲಿ ಏನಿದೆ ಅನ್ನೋದು. ಈಗ ನಿನ್ನ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಮಡಚುತ್ತೇನೆ. ಸರಳು ನಡೆದು ಬರುವುದಿಲ್ಲ. ಪ್ರತಿ ಸಲವೂ ನಾನೇ ಹೋಗಬೇಕು.

ಸಂಘ ಬಿಟ್ಟೆನೆಂದು ಸಹಿ ಹಾಕಲು ನೀನು ಹೋದ ಬೆಳಗಿನದು ಒಂದೇ ಒಂದು ವಿಷಯ ಕೇಳಬೇಕು. ನಿನ್ನ ಗಂಬೂಟು ಮ್ಯಾನೇಜರ ಬಾಗಿಲ ಹೊರಗಿತ್ತಂತೆ. ಒದ್ದೆ ಬೂಟಿನಲ್ಲಿ ಅವರ ಜಮಖಾನ ತುಳಿಯಬಾರದೆಂಬ ನಿಯಮ ಆವತ್ತೂ ನೆನಪಿತ್ತು ನಿನಗೆ. ಎಡಗಾಲಿನ ಹಿಮ್ಮಡಿಯಲ್ಲಿ ಕೆಂಪು ಟ್ಯೂಬಿನ ತೇಪೆ ಇತ್ತಂತೆ. ಆ ತೇಪೆ ಅಂಟಿಸಿದವಳು ನಾನು, ಹಾಗಾಗಿ ಅನುಮಾನಕ್ಕೆ ಜಾಗವಿಲ್ಲ. ಎಂದೂ ಬೂಟನ್ನು ನೆಟ್ಟಗೆ ಬಿಡದವಳು, ಒಂದನ್ನು ಬಾಯ್ಲರಿನ ಹತ್ತಿರ ಒದ್ದು ಇನ್ನೊಂದನ್ನು ಹುಡುಕುವವಳು, ಅಂದು ಜೋಡಿಸಿ ಗೋಡೆಗೆ ಒತ್ತಿ ಇಟ್ಟಿದ್ದೆಯಂತೆ, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ. ಒಳಗಿನಿಂದ ನಿನ್ನ ಧ್ವನಿಯೇ ಕೇಳುತ್ತಿರಲಿಲ್ಲವಂತೆ. ಯಾರು ಹೇಳಿದರು ಎಂದು ಕೇಳಬೇಡ. ಅಂತೆ ಕಂತೆ, ಲಾಂಡ್ರಿಯೆಂದರೆ ಅದರದೇ ಸಂತೆ.

ನನಗೆ ಹೇಳದೆ ಹೋದೆಯಲ್ಲ ಕಣೇ. ಹಿಂದಿನ ಸಂಜೆಯೂ ನೀನು ಶೀಟಿನ ತುದಿ ಹಿಡಿದು ನಡೆದು ಬಂದೆ, ಕೈ ಕೂಡಿಸಿದೆ, ತಲೆನೋವಿನ ಮಾತ್ರೆ ಇದೆಯಾ ಅಂದೆ. ಅಷ್ಟು ಹತ್ತಿರ ಮುಖ ತಂದು ಮಾತ್ರೆ ಕೇಳಿದವಳಿಗೆ ಇನ್ನೊಂದು ಮಾತು ಹೊರಡಲಿಲ್ಲವೇ?

ಮೊನ್ನೆ ಕಾರಿಡಾರಿನಲ್ಲಿ ಸಿಕ್ಕಾಗ ನೀನು ಗುತ್ತಿಗೆದಾರನ ನೀಲಿ ಏಪ್ರನ್, ಬಿಳಿ ಶೂ ಹಾಕಿಕೊಂಡಿದ್ದೆ. "ಊಟ ಆಯ್ತಾ?" ಅಂದೆ. ನಾನು ಗೋಡೆಯ ಮೇಲಿನ 'ಉಗುಳಬಾರದು' ಬೋರ್ಡನ್ನು ಗಮನವಿಟ್ಟು ಓದಿದೆ. ಹಿಂದಿದ್ದ ನರ್ಸಮ್ಮ ಆಮೇಲೆ ನನ್ನ ಭುಜ ತಟ್ಟಿ, "ನೀವೊಬ್ರೇ ಕಣ್ರೀ ಗಟ್ಟಿಗಿತ್ತಿ" ಅಂದಳು. ಈಗ ಎಲ್ಲರೂ ಹಾಗೇ ಅನ್ನುತ್ತಾರೆ. ಕೆಲಸವಿಲ್ಲದೆ ಕೂತಿರುವ ನಮ್ಮ ಮನೆಯವರು ಮಾತ್ರ, "ಎಲ್ರೂ ಹೋದ್ಮೇಲೆ ನೀನೊಬ್ಳೇ ಬಾಗಿಲು ಕಾಯ್ತಿದ್ದೀಯಲ್ಲ, ಒಳಗೆ ಕದಿಯೋಕೆ ಏನುಳಿದಿದೆ?" ಎಂದು ಕೇಳಿದರು. ಗಟ್ಟಿಗಿತ್ತಿ ಎದ್ದು ಅವರಿಗೆ ಅನ್ನ ಬಡಿಸಿದಳು.

ನಿನ್ನ ಹಳೆಯ ಬೂಟು ಬಾಯ್ಲರಿನ ಹಿಂದೆ ಬಿದ್ದಿದೆ. ಒಂದನೇ ತಾರೀಕಿಗೆ ಮುಂಚೆ ಬಂದು ತೆಗೆದುಕೊಂಡು ಹೋಗು. ಆಮೇಲೆ ಕೊಡಲು ನಾನು ಇಲ್ಲಿರುವುದಿಲ್ಲ.

ಸಂಘದ ಪರವಾಗಿ,
ಕಾರ್ಯದರ್ಶಿ, ಹಾಲಿ ಖಜಾಂಚಿ, ಹಾಗೂ ಸಮಸ್ತ ಸಭಿಕರು,
ನಿನ್ನ ಪ್ರಾಸಕ್ಕ

ತಾ.ಕ.: ಮೇಲೆ 'ಹೊರಗಿತ್ತಂತೆ' ಎಂದು ಬರೆದಿದ್ದೇನಲ್ಲ, ಅಲ್ಲಿಂದ ಮುಂದಿನ ಅಂತೆಗಳನ್ನೆಲ್ಲ ತೆಗೆದು ಓದು. ಕಂಡವಳು ನಾನೇ. ನಿನ್ನನ್ನು ಹುಡುಕಿಕೊಂಡು ಬಂದಿರಲಿಲ್ಲ. ನನ್ನ ಬೂಟೂ ಕಳಚಿ ಕೈಯಲ್ಲಿತ್ತು. ನಿನ್ನದರ ಪಕ್ಕ ಇಡಲು ಜಾಗವೂ ಇತ್ತು. ತೇಪೆ ನೋಡಿ, ಬರಿಗಾಲಲ್ಲೇ ವಾಪಸ್ ಬಂದೆ. ಮರುದಿನ ಗೇಟಿನಲ್ಲಿ ನಿನ್ನನ್ನು ದ್ರೋಹಿ ಎಂದು ಕೂಗಿದೆ, ಅಷ್ಟು ಗಂಟಲು ನನಗೆಂದೂ ಬಂದಿರಲಿಲ್ಲ. ಹಾಗೆ ಕೂಗಿದ ಮೇಲೆ ಆ ಬಾಗಿಲಿಗೆ ಹೋಗುವುದು ಹೇಗೆ, ನೀನೇ ಹೇಳು. ಮೊನ್ನೆ ಕೇಳಿದೆಯಲ್ಲ, ಊಟ ಆಗಿರಲಿಲ್ಲ. ಆ ಬೆಳಿಗ್ಗೆ ನೀನು ಇನ್ನೊಂದು ಟ್ರಾಲಿ ಇಳಿಸಿ ನಿಧಾನವಾಗಿ ಮ್ಯಾನೇಜರ ಬಾಗಿಲಿಗೆ ಬಂದಿದ್ದರೆ, ಈ ಕಾಗದವನ್ನು ನೀನು ನನಗೆ ಬರೆಯುತ್ತಿದ್ದೆ.