ಬಂದರಿನ ಕ್ಲಬ್ಬಿನ ಹೆಸರು

ಅಸ್ಬ್ಯೋರ್ನ್,

ನಾರ್ವೆಯ ಮೊದಲ ದರ್ಜೆಗೆ ಏರುವ ಆಸೆಯಲ್ಲಿ ನಮ್ಮ ಬಂದರಿನ ಫುಟ್‌ಬಾಲ್ ಕ್ಲಬ್ಬನ್ನು ಗುಡ್ಡದವರ ಕ್ಲಬ್ಬಿಗೆ ನಾನು ಕೂಡಿಸಿದ್ದರ ಒಟ್ಟು ಖರ್ಚು: ಅದರ ಹೆಸರು, ಮೈದಾನದ ಹಿಮ ಎತ್ತಲು ಎಲ್ಲರಿಗಿಂತ ಮೊದಲು ಬರುತ್ತಿದ್ದ ನೀನು, ನೀನು ಮಣ್ಣಾಗುವವರೆಗೂ ನಾವು ಆಡದ ಮೂವತ್ತು ವರ್ಷದ ಮಾತು.

ನಿನ್ನೆ ವಾರ್ಷಿಕ ಸಭೆಯಲ್ಲಿ ಹಳೆಯ ಹೆಸರು ಮರಳಿ ಬೇಕೇ ಎಂದು ಸದಸ್ಯರು ಕೈ ಎತ್ತಿದರು. ಎಣಿಸಿದವನು ನಾನು. ಎರಡೂ ಕಡೆ ತೊಂಬತ್ತೊಂದು. ಸಮ ಬಂದರೆ ಹೆಸರು ಹೋದಂತೆಯೇ. ನಿನ್ನ ಮಗಳು ಇಂಗುನ್ ಎದ್ದಳು.

“ಟ್ರುಲ್ಸ್ ಮಾಮ, ನಿನ್ ಕೈ ಎಲ್ಲಿ? ಕ್ಲಬ್ ಕೂಡ್ಸೋ ಓಟಲ್ಲಿ ಅವತ್ತು ಅಪ್ಪನ ವಿರುದ್ಧ ಮೊದ್ಲು ಎದ್ದಿದ್ದು ಅದೇ ಅಲ್ವಾ?”

“ಎಣಿಸೋನು ಓಟು ಹಾಕಲ್ಲ ಕಣಮ್ಮ.”

“ಹಾಕ್ಬಾರ್ದು ಅಂತ ಎಲ್ಲಿ ಬರ್ದಿದೆ?”

ಕೈ ಎತ್ತಿದೆ.

ಕ್ಲಬ್ಬಿಗೆ ಹೆಸರು ಸಿಕ್ಕಿತು, ಗುಡ್ಡದವರಿಗೆ ನನ್ನನ್ನು ಬೈಯಲು ಹೊಸ ಕಾರಣ, ಇಂಗುನ್‌ಗೆ ಅಪ್ಪನ ಗೆಲುವು. ನನಗೆ ಅವಳು ತಂದುಕೊಟ್ಟ ಒಂದು ಲೋಟ ಕಾಫಿ. ನಿನಗೆ ಏನೂ ಇಲ್ಲ.