ಕೆಳಗೆ ನಿಂತವಳು

ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ನಮಸ್ಕಾರ. ನೀವು, ಅತ್ತಿಗೆ, ಮಗಳು, ಅಳಿಯ, ಮೊಮ್ಮಗಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಎಡಗೈಯಲ್ಲಿ ಬರೆದ ಆ ಸೊಟ್ಟ ಅಕ್ಷರ ನೋಡಿ, ಮೊದಲು ಮೊಮ್ಮಗಳೇ ಬರೆದಿದ್ದಾಳೆ ಅಂದುಕೊಂಡೆ. ಆಮೇಲೆ ‘ಕ್ರೇನು ಹೇಗಿದೆ?’ ಅಂತ ನೀವು ನನಗಿಟ್ಟ ಅಡ್ಡಹೆಸರು ಓದಿದಾಗ ನಿಮ್ಮದೇ ಅಂತ ಗೊತ್ತಾಯಿತು. ಉತ್ತರ ಬರೆಯದೆ ಇಷ್ಟು ದಿನ ಸುಮ್ಮನಿದ್ದುದಕ್ಕೆ ಬೈಯಬೇಡಿ. ಬೈದರೂ ಪರವಾಗಿಲ್ಲ. ಪುರುಸೊತ್ತಿರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಈಗ ನನಗೆ ಪುರುಸೊತ್ತಿಗೇನೂ ಬರವಿಲ್ಲ.

ಶಾಲೆಯ ಗೇಟು ಕಾಯುವ ಕೆಲಸ ಸಿಕ್ಕಿತು ಅಂತ ಬರೆದಿದ್ದೀರಿ. ಕುರ್ಚಿ ಕೊಟ್ಟಿದ್ದಾರೆ, ಆದರೆ ಕೂತರೆ ನಿದ್ದೆ ಬರುತ್ತದೆ, ನಿಂತರೆ ಮಕ್ಕಳು ಹೆದರುತ್ತಾರೆ ಅಂತ. ಓದಿ ನಗು ಬರಬೇಕಿತ್ತು. ಬಂತು ಅಂತಲೇ ಇಟ್ಟುಕೊಳ್ಳಿ.

ಕೊನೆಯ ಸಾಲಿನಲ್ಲಿ ನೀವು ಕೇಳಿದ್ದಿರಿ, ‘ಈಗ ಯಾರ ಜೊತೆ ಹಿಡೀತಿದೀಯ?’ ಅಂತ. ಆ ಒಂದು ಪ್ರಶ್ನೆಗೆ ಉತ್ತರ ಬರೆಯಲು ಎರಡು ತಿಂಗಳು ಬೇಕಾಯಿತು. ಯಾರ ಜೊತೆಗೂ ಇಲ್ಲ ಅಣ್ಣ. ನಾನು ಸಾಮಾನು ಎತ್ತುವುದನ್ನು ಬಿಟ್ಟಿದ್ದೇನೆ. ಮಾಲೀಕರು ನನ್ನನ್ನು ಗೋದಾಮಿನ ಹಿಂದಿನ ಪ್ಯಾಕಿಂಗ್ ಕೋಣೆಗೆ ಹಾಕಿದ್ದಾರೆ. ಗಾಜಿನ ಲೋಟ, ಪಿಂಗಾಣಿ ತಟ್ಟೆ, ಗೋಡೆ ಗಡಿಯಾರ, ಫೋಟೋಗಳು, ಎಲ್ಲವನ್ನೂ ಕಾಗದದಲ್ಲಿ ಸುತ್ತಿ ಡಬ್ಬಕ್ಕೆ ಇಡುವುದು. ನಾಲ್ಕು ಜನ ಹೆಂಗಸರ ಜೊತೆ ಐದನೆಯವಳು ನಾನು. ಮೊದಲ ದಿನ ಯಾರೂ ಮಾತಾಡಲಿಲ್ಲ. ಎರಡನೆಯ ದಿನ ಅವರಲ್ಲಿ ಹಿರಿಯಾಕೆ ತನ್ನ ಪಕ್ಕದ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. “ನಿಂತ್ಕೊಂಡೇ ಸುತ್ತತಾ ಇದ್ರೆ ಸೊಂಟ ಬಿದ್ದೋಗತ್ತೆ, ಕೂತ್ಕೊ” ಅಂದಳು. ಅಷ್ಟೇ. ಅಲ್ಲಿಗೆ ನನ್ನ ವಿಚಾರ ಮುಗಿಯಿತು.

ಹನ್ನೊಂದು ವರ್ಷ ನಾವಿಬ್ಬರೂ ಕೋಣೆಯೊಳಗೆ ಹೋಗಿ ಮೊದಲು ನೋಡುತ್ತಿದ್ದುದು ಬೀರುವನ್ನು, ಫ್ರಿಜ್ಜನ್ನು. ಲೋಟಗಳ ಕಡೆ ಕಣ್ಣು ಹಾಯಿಸಿದವರೇ ಅಲ್ಲ. ಈಗ ಒಂದು ಮನೆಯಲ್ಲಿ ಎಷ್ಟು ಬಗೆಯ ಲೋಟಗಳಿರುತ್ತವೆ ಅಂತ ನನಗೆ ಗೊತ್ತು. ಕಿವಿ ಮುರಿದ ಕಪ್ಪನ್ನೂ ಜನ ಜೋಪಾನವಾಗಿ ಕೊಂಡೊಯ್ಯುತ್ತಾರೆ.

ನನ್ನ ತೋಳಿನ ಸುದ್ದಿ ಬರೆಯುತ್ತೇನೆ. ಮಾತ್ರೆ ಶುರುಮಾಡಿ ಇಪ್ಪತ್ತು ತಿಂಗಳಾಯಿತು. ಶುರುವಿನಲ್ಲೇ ಡಾಕ್ಟರಮ್ಮ ಹೇಳಿದ್ದರು. “ಈ ಹಾರ್ಮೋನಿನಿಂದ ಮೈ ಬದಲಾಗುತ್ತೆ, ಚರ್ಮ ಮೆತ್ತಗಾಗುತ್ತೆ. ಸ್ನಾಯು ಇಳಿಯುತ್ತೆ, ಶಕ್ತಿನೂ ಇಳಿಯುತ್ತೆ. ನಿಧಾನಕ್ಕೆ. ನೀವು ಮಾಡೋ ಕೆಲಸ ಏನು?” ಅಂತ ಕೇಳಿದರು. ನಾನು “ಹೊಲಿಗೆ ಅಂಗಡಿ” ಅಂದೆ. ಯಾಕೆ ಹಾಗಂದೆನೋ. ಸಾಮಾನು ಎತ್ತುವವಳು ಅಂದರೆ ಮಾತ್ರೆ ಕೊಡಲಿಕ್ಕಿಲ್ಲ ಅಂತ ಹೆದರಿದೆ ಅಂತ ಕಾಣುತ್ತದೆ. ಅವರು ನನ್ನ ಅಂಗೈ ಕಡೆ ಒಂದು ಸಲ ನೋಡಿದರು. ಅಂಗೈ ತುಂಬ ಜಡ್ಡು. ಸೂಜಿ ಹಿಡಿಯುವ ಕೈ ಅದಲ್ಲ ಅಂತ ಅವರಿಗೆ ಗೊತ್ತಾಗಿರಬೇಕು. ಭಾರ ಎತ್ತುವುದಾದರೆ ಹೇಳಿ, ಅದಕ್ಕೆ ತಕ್ಕ ವ್ಯಾಯಾಮ ಇದೆ, ಎಷ್ಟು ಎತ್ತಬಹುದು ಅಂತ ಆಗಾಗ ನೋಡಿಕೊಳ್ಳಬೇಕು ಅಂತ ಮಾತ್ರ ಅಂದರು.

ಮೊದಲು ಅಂಗಿಯ ತೋಳು ಸಡಿಲವಾಯಿತು. ಆಮೇಲೆ ನೀರಿನ ಕ್ಯಾನು. ನಿಮಗೆ ಗೊತ್ತಲ್ಲ, ಕೈಗೊಂದರಂತೆ ಎರಡು ಕ್ಯಾನು ಹಿಡಿದು ನನ್ನ ರೂಮಿನ ಮಹಡಿ ಹತ್ತುತ್ತಿದ್ದೆ. ಈಗ ಒಂದೇ ಕ್ಯಾನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ತಿರುವಿಗೊಂದು ಸಲ ಇಳಿಸಿ, ಉಸಿರು ಬಿಟ್ಟು ಹತ್ತುತ್ತೇನೆ. ಅಂಗೈಯ ಜಡ್ಡೆಲ್ಲ ಸುಲಿದು ಹೋಗಿದೆ. ಮೊನ್ನೆ ಪ್ಯಾಕಿಂಗ್ ಕಾಗದದ ಅಂಚು ತಾಗಿ ಬೆರಳು ಕುಯ್ದು ರಕ್ತ ಬಂತು. ಕಾಗದ! ಕಬ್ಬಿಣದ ಅಂಚಿಗೂ ಬಗ್ಗದ ಬೆರಳು.

ಅಮ್ಮ ಹೋದ ತಿಂಗಳು ಬಂದಿದ್ದಳು. ಎರಡು ದಿನ ಇದ್ದಳು. ಗೋಡೆ ನೋಡಿಕೊಂಡೇ ಮಾತಾಡಿದಳು, ನನ್ನ ಮುಖ ನೋಡಲಿಲ್ಲ. ಹೊರಡುವ ದಿನ ಬಸ್ಸಿಗೆ ಕಾಯುತ್ತಿದ್ದಾಗ ಇದ್ದಕ್ಕಿದ್ದಂತೆ ನನ್ನ ಕೈ ಎಳೆದುಕೊಂಡು ಮಣಿಕಟ್ಟಿನ ಸುತ್ತ ತನ್ನ ಹೆಬ್ಬೆರಳು, ನಡುಬೆರಳು ಸೇರಿಸಿ ನೋಡಿದಳು. ಎರಡೂ ತಾಗಿದವು. “ಇದು ನಮ್ಮಮ್ಮನ ಕೈ. ಥೇಟು ನಮ್ಮಮ್ಮನ ಕೈ” ಅಂದಳು. ಬಸ್ಸು ಬಂತು, ಹತ್ತಿ ಹೋದಳು. ಅಣ್ಣ, ಈ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ ಅಂತ ನಿಮಗೊಬ್ಬರಿಗೇ ಗೊತ್ತು. ಬಸ್ಸು ತಿರುಗುವ ತನಕ ಅಲ್ಲೇ ನಿಂತಿದ್ದೆ, ಈಗ ಅಳು ಬರಬಹುದು ಅಂತ. ಬರಲಿಲ್ಲ. ಚಹಾ ಕುಡಿದು ಕೆಲಸಕ್ಕೆ ಹೋದೆ.

ಮೇ ತಿಂಗಳಿನಿಂದ ಹೀಗೇ ಆಗಿದೆ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆ ಹೇಗಿರುತ್ತದೆ, ಹಾಗೆ. ತಟ್ಟಿದರೆ ಗೊತ್ತಾಗುತ್ತದೆ, ನೋಯುವುದಿಲ್ಲ. ಮಾತ್ರೆಯಿಂದ ಹೀಗಾಯಿತು ಅಂತ ಅಂದುಕೊಳ್ಳಬೇಡಿ. ಡಾಕ್ಟರಮ್ಮನನ್ನು ಕೇಳಿದೆ, ಪರೀಕ್ಷೆ ಮಾಡಿಸಿದರು, ಎಲ್ಲ ಸರಿಯಾಗಿದೆ. ಮಾತ್ರೆ ಬಿಡಬೇಕು ಅಂತ ಒಂದು ದಿನವೂ ನನಗೆ ಅನ್ನಿಸಿಲ್ಲ. ಕನ್ನಡಿಯಲ್ಲಿ ಕಾಣುವವಳು ನಾನೇ. ಅದರಲ್ಲಿ ಅನುಮಾನವಿಲ್ಲ.

ಮೇ ತಿಂಗಳ ಆ ದಿನದ ಬಗ್ಗೆ ನಾವಿಬ್ಬರೂ ಒಂದು ಸಲವೂ ಮಾತಾಡಿಲ್ಲ. ಆಸ್ಪತ್ರೆಯಲ್ಲಿ ನೀವು ಹವಾಮಾನದ ವಿಚಾರ ತೆಗೆದಿರಿ, ನಾನು ಲಾರಿಯ ಬ್ರೇಕಿನ ವಿಚಾರ ತೆಗೆದೆ. ಆಮೇಲೆ ನೀವು ಮಗಳ ಊರಿಗೆ ಹೊರಟಿರಿ. ಹಾಗಾಗಿ ನನ್ನ ಕಣ್ಣಿಗೆ ಕಂಡ ಹಾಗೆ ಈಗ ಬರೆಯುತ್ತೇನೆ. ಮೂರನೇ ಮಹಡಿಯ ಮನೆ. ಲಿಫ್ಟ್ ಇಲ್ಲ. ಎರಡು ಬಾಗಿಲಿನ ಕಬ್ಬಿಣದ ಬೀರು. ಯಾವತ್ತಿನ ಹಾಗೆ ನೀವು ಮೇಲೆ, ಹಿಮ್ಮುಖವಾಗಿ ಹತ್ತುತ್ತಾ. ನಾನು ಕೆಳಗೆ. ಮೆಟ್ಟಿಲಲ್ಲಿ ಕೆಳಗೆ ನಿಂತವರ ಮೇಲೇ ಮುಕ್ಕಾಲು ಭಾರ ಬೀಳುತ್ತದೆ ಅಂತ ಮೊದಲ ವಾರವೇ ನೀವು ಕಲಿಸಿದ್ದಿರಿ. ಅದಕ್ಕೇ ಬಲ ಇದ್ದವರು ಕೆಳಗೆ. ಎರಡನೇ ಮಹಡಿಯ ತಿರುವು ದಾಟಿ ಸ್ವಲ್ಪ ಹೋದೆವು. ನನ್ನ ಕಡೆ ಬೀರು ಕೆಳಗೆ ಕುಸಿಯಿತು. ನಿಮ್ಮ ಕಡೆ ಅದು ಪಕ್ಕಕ್ಕೆ ಹೊರಳಿತು. ನಿಮ್ಮ ಬಲಗೈ ಬೀರುವಿಗೂ ಕಬ್ಬಿಣದ ಕಟಕಟೆಗೂ ನಡುವೆ ಸಿಕ್ಕಿತು. ನೀವು ಕೂಗಲಿಲ್ಲ. “ಸ್ವಲ್ಪ ತಡಿ” ಅಂದಿರಿ. ಆಮೇಲೆ ಕೂತುಬಿಟ್ಟಿರಿ. ಎರಡು ಬೆರಳು.

ಕಟ್ಟಡದ ಮೇಲ್ವಿಚಾರಕ ಓಡಿ ಬಂದು ಏನಾಯಿತು ಅಂತ ಕೇಳಿದಾಗ ನಾನು, “ಮೆಟ್ಟಿಲು ಒದ್ದೆ ಇತ್ತು, ಕಾಲು ಜಾರಿತು” ಅಂದೆ. ಅದೇ ಎಲ್ಲ ಕಡೆ ದಾಖಲಾಯಿತು. ಮಾಲೀಕರಿಗೂ ಅದೇ. ನೀವೂ ಅದನ್ನೇ ಹೇಳಿದಿರಿ.

ಈಗ ಸುದ್ದಿಗೆ ಬರುತ್ತೇನೆ. ಹೋದ ಸೋಮವಾರ ಪ್ಯಾಕಿಂಗ್ ಕೋಣೆಗೆ ಹೊಸಬಳೊಬ್ಬಳು ಸೇರಿದಳು. ನಲವತ್ತೈದರ ಆಸುಪಾಸು, ತೆಳ್ಳಗಿನ ಹೆಂಗಸು. ಬಂದ ಕೂಡಲೆ ಯಾರೂ ಹೇಳದೆಯೇ ಕೋಣೆ ಗುಡಿಸಿದಳು. ನನ್ನ ಪಕ್ಕ ಕೂರಿಸಿ ಕಲಿಸಿಕೊಡು ಅಂದರು. ಬೇಗ ಕಲಿತಳು. ಕಾಗದ ಮಡಿಸುತ್ತಾ, ಮೊದಲು ಎಲ್ಲಿದ್ದೆ ಅಂತ ಕೇಳಿದೆ. ಆ ಕಟ್ಟಡದ ಹೆಸರು ಹೇಳಿದಳು.

“ಒಂಬತ್ತು ವರ್ಷ ಅಲ್ಲೇ ಮೆಟ್ಟಿಲು ಒರೆಸ್ತಿದ್ದೆ. ಬಿಡಿಸಿಬಿಟ್ರು” ಅಂದಳು.

“ಯಾಕೆ?”

“ನಂದೇ ತಪ್ಪು. ಸಾಮಾನು ಹೊತ್ಕೊಂಡು ಬರೋರು ಇದಾರೆ ಅಂತ ಗೊತ್ತಿದ್ದೂ ಒರೆಸಿಬಿಟ್ಟಿದ್ದೆ. ಒಬ್ರು ಯಜಮಾನ್ರ ಬೆರಳೇ ಹೋಯ್ತು. ಜೊತೆಗಿದ್ದ ಆಳು ಜಾರಿದನಂತೆ.” ಒಂದು ಲೋಟ ಸುತ್ತಿಟ್ಟು ಮತ್ತೆ ಹೇಳಿದಳು. “ಮೊದಮೊದಲು ನಾನು ಒರೆಸಿಲ್ಲ, ಒರೆಸಿಲ್ಲ ಅಂತಾನೇ ಅಂದೆ. ಆ ಕಡೆ ಮೆಟ್ಟಿಲು ನಾನು ಮುಟ್ಟೋದು ಮಧ್ಯಾಹ್ನದ ಮೇಲೇನೇ. ಆದ್ರೆ ಎಲ್ರೂ ಹೇಳ್ತಾರೆ ಅಂದ್ಮೇಲೆ ಒರೆಸಿರಬೇಕು. ನಂಗೆ ಈಗೀಗ ಮರೆವು ಜಾಸ್ತಿ. ಈಗ ನೆನಪಾಗತ್ತೆ ಕೂಡ, ಬಕೆಟ್ಟು ಎಲ್ಲಿ ಇಟ್ಟಿದ್ದೆ ಅಂತ. ಪಾಪ, ಆ ಯಜಮಾನ್ರು ಹೇಗಿದಾರೋ ಏನೋ. ದಿನಾ ಅನ್ಕೋತೀನಿ.”

ಅವಳಿಗೆ ನನ್ನ ಗುರುತು ಸಿಗಲಿಲ್ಲ. ಹೇಗೆ ಸಿಗಬೇಕು? ಅವಳು ನೋಡಿದ್ದರೆ ನೋಡಿರುವುದು ಟೋಪಿ ಹಾಕಿದ, ಸಡಿಲ ಅಂಗಿಯ ಒಬ್ಬ ಆಳನ್ನು.

ನಾನು “ಹೌದಾ” ಅಂದೆ. ಮುಂದಿನ ಲೋಟ ತೆಗೆದುಕೊಂಡೆ. ಆ ದಿನ ಎಂದಿಗಿಂತ ಹೆಚ್ಚು ಡಬ್ಬ ಕಟ್ಟಿದೆ. ಸಂಜೆ ಹೋಗುವಾಗ ಒಂದು ಡಬ್ಬವನ್ನು ಪಕ್ಕಕ್ಕೆ ಸರಿಸಲು ಬಗ್ಗಿದೆ. ಅವಳು ಓಡಿ ಬಂದು ಇನ್ನೊಂದು ಕಡೆ ಹಿಡಿದಳು. “ಒಬ್ಬಳೇ ಎತ್ತಬೇಡಮ್ಮ, ಕೈ ಉಳುಕತ್ತೆ” ಅಂದಳು. ಇಬ್ಬರೂ ಸೇರಿ ಸರಿಸಿದೆವು. ಅದರಲ್ಲಿದ್ದದ್ದು ಪರದೆ ಬಟ್ಟೆ.

ಆರು ದಿನದಿಂದ ಅವಳ ಪಕ್ಕ ಕೂತು ಕಾಗದ ಮಡಿಸುತ್ತಿದ್ದೇನೆ. ಅವಳ ಮಗಳಿಗೆ ಕೆಮ್ಮು. ಅವಳಿಗೆ ಕನ್ನಡಕ ಬೇಕು, ಹಾಕಿಕೊಳ್ಳಲು ನಾಚಿಕೆ. ಮಾತಿಗೆ ಮುಂಚೆ ನಗುತ್ತಾಳೆ.

ಬೇರೆ ವಿಶೇಷವೇನಿಲ್ಲ. ನಮ್ಮ ಲಾರಿಗೆ ಹೊಸ ಬಣ್ಣ ಬಳಿದಿದ್ದಾರೆ, ನೀಲಿ. ನೀವಿದ್ದರೆ ಔಷಧಿ ಅಂಗಡಿ ಗಾಡಿ ಅಂತ ತಮಾಷೆ ಮಾಡುತ್ತಿದ್ದಿರಿ. ಡ್ರೈವರ್ ನಿಮ್ಮನ್ನು ಕೇಳಿದ ಅಂತ ಹೇಳಲು ಹೇಳಿದ್ದಾನೆ. ಕೈಗೆ ಚಳಿ ತಾಗದ ಹಾಗೆ ನೋಡಿಕೊಳ್ಳಿ. ಗಾಯ ಮಾಗಿದ ಜಾಗ ಚಳಿಗೆ ನೋಯುತ್ತದೆ ಅಂತ ಕೇಳಿದ್ದೇನೆ. ಅತ್ತಿಗೆಗೆ ನಮಸ್ಕಾರ ತಿಳಿಸಿ. ಮೊಮ್ಮಗಳು ಚೆನ್ನಾಗಿ ಓದಲಿ, ನಿಮ್ಮ ಆಯಸ್ಸು ಗಟ್ಟಿಯಾಗಿರಲಿ. ನನ್ನ ತಲೆಯ ಮೇಲೆ ನಿಮ್ಮ ಕೈ ಇರಲಿ ಅಂತ ಕೇಳಿಕೊಳ್ಳುತ್ತೇನೆ. ಯಾವ ಕೈಯಾದರೂ ಸರಿ.

ಇಂತಿ,
ನಿಮ್ಮ ಜೊತೆಯವಳು

ಮರೆತ ಮಾತು: ಮರೆತದ್ದಲ್ಲ ಅಣ್ಣ, ಇದನ್ನು ಬರೆಯಲೆಂದೇ ಕಾಗದ ತೆಗೆದುಕೊಂಡದ್ದು.

ಮೆಟ್ಟಿಲು ಒಣಗಿತ್ತು. ನನ್ನ ಕಾಲು ಜಾರಲಿಲ್ಲ. ಕೈ ಸೋತಿತು. ಅದು ಸೋಲುತ್ತದೆ ಅಂತ ಅದಕ್ಕೆ ಮೂರು ವಾರ ಮುಂಚೆಯೇ ನನಗೆ ಗೊತ್ತಿತ್ತು. ಎರಡು ಮನೆಗಳಲ್ಲಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತ್ತು. ಅಂದು ತಿರುವಿನಲ್ಲಿ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳತೊಡಗಿದವು. ಅಲ್ಲಿಂದ ಬೀರು ಕುಸಿದ ಜಾಗಕ್ಕೆ ಆರು ಮೆಟ್ಟಿಲು. ನಾನು ಹೋಗಿ ಎಣಿಸಿ ಬಂದಿದ್ದೇನೆ. ‘ಇಳಿಸಣ್ಣ’ ಅಂತ ಒಂದು ಮಾತು ಹೇಳಲು ಆರು ಮೆಟ್ಟಿಲು ಸಾಕಿತ್ತು. ನೀವು ಮೇಲಿನಿಂದ “ಹಿಡಿದಿದೀಯಾ?” ಅಂತ ಕೇಳಿದಿರಿ. ನಾನು “ಹಿಡಿದಿದೀನಿ” ಅಂದೆ.

ಯಾಕೆ ಅಂದರೆ, ಅಂದು ಬೆಳಗ್ಗೆ ಗೋದಾಮಿನ ಅಂಗಳದಲ್ಲಿ ಇನ್ನೊಂದು ಲಾರಿಯ ಇಬ್ಬರೂ ನಿಮ್ಮನ್ನು ರೇಗಿಸಿದ್ದರು. “ಏನಪ್ಪಾ, ಮಾತ್ರೆ ನುಂಗಿ ನುಂಗಿ ನಿಮ್ಮ ಕ್ರೇನಿನ ನಟ್ಟು ಬೋಲ್ಟು ಸಡಿಲ ಆಗಿದೆಯಂತೆ?” ಅಂತ. ನಾನು ನಿಮಗೆ ವಿಷಯ ಹೇಳಿದಾಗಿನಿಂದ ನೀವು ನನ್ನನ್ನು ‘ಬಾರೋ’ ಅನ್ನುವುದನ್ನು ಬಿಟ್ಟಿದ್ದಿರಿ. ‘ಬಾರೇ’ ಅನ್ನಲು ನಾಲಿಗೆ ತಿರುಗದೆ ವರ್ಷವಿಡೀ ಬರೀ ‘ಬಾ’ ಅಂತ ನಿಲ್ಲಿಸುತ್ತಿದ್ದಿರಿ. ಅಂದು ಅವರ ಎದುರಿಗೆ ಎದೆ ಉಬ್ಬಿಸಿ, “ನೀವಿಬ್ರೂ ಸೇರಿ ಎತ್ತೋದನ್ನ ನಮ್ಮ ಹುಡುಗಿ ಒಬ್ಬಳೇ ಎತ್ತತಾಳೆ. ಬಾರೇ, ಹೋಗೋಣ” ಅಂದಿರಿ. ಆ ಮಾತನ್ನು ಕಿವಿಯಲ್ಲಿಟ್ಟುಕೊಂಡು ಎರಡು ಗಂಟೆ ಕೂಡ ಆಗಿರಲಿಲ್ಲ. ಇಳಿಸು ಅಂದರೆ ಆ ‘ಬಾರೇ’ ಹೋಗಿಬಿಡುತ್ತದೆ ಅಂದುಕೊಂಡೆ.

ಇದನ್ನು ನಿಮಗೆ ಮೊದಲು ಹೇಳದೆ ಅವಳಿಗೆ ಹೇಳುವುದು ಸರಿಯಲ್ಲ ಅನ್ನಿಸಿತು. ಅದಕ್ಕೇ ಈ ಆರು ದಿನ ಸುಮ್ಮನಿದ್ದೆ. ಇನ್ನು ಕಾಯುವುದಿಲ್ಲ. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ಅವಳಿಗೆ, ಮಾಲೀಕರಿಗೆ, ಆ ಕಟ್ಟಡದವರಿಗೆ ಹೇಳಿರುತ್ತೇನೆ. ಅವಳು ಆ ಮೆಟ್ಟಿಲನ್ನು ಒರೆಸಿರಲಿಲ್ಲ.